ಬೆಟ್ಟದ ಮೇಲೆ ಏನಿದೆ?

“ಆ ಬೆಟ್ಟದ ಮೇಲೆ ನೋಡುವುದಕ್ಕೆ ಏನಿದೆ, ಸ್ವಾಮಿ?” ಎಂಬ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರು ಏನೂ ಅರಿಯದವರಲ್ಲ. ಓದಿದವರು, ನಾಲ್ಕು ದೇಶ ಕಂಡವರು, ಬೆಂಗಳೂರಿನಲ್ಲಿ ಮನೆ ಕಟ್ಟಿಕೊಂಡು ಹಬ್ಬಕ್ಕೋ ಮದುವೆಗೋ ಊರ ಕಡೆ ತಲೆಹಾಕುವ ನಮ್ಮವರೇ. ಕೇಳಿದ ಮೇಲೆ ಉತ್ತರಕ್ಕೆ ಕಾಯುವ ತಾಳ್ಮೆಯೂ ಅವರಿಗಿಲ್ಲ. “ನಾಲ್ಕು ಮುರುಕು ಗೋಡೆ, ಒಂದಿಷ್ಟು ಮುಳ್ಳುಪೊದೆ. ಅದರ ಬದಲು ಒಂದು ಥೀಮ್ ಪಾರ್ಕು ಮಾಡಿದರೆ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕು ಕಡೆಯವರಿಗೂ ಅನ್ನವಾಗುತ್ತದೆ” ಎಂದು ತೀರ್ಪು ಕೊಟ್ಟು ಕಾರು ಹತ್ತುತ್ತಾರೆ. ಅವರು ಹೇಳುವ ಬೆಟ್ಟ ಚನ್ನರಾಯನದುರ್ಗ. ಸರ್ಕಾರಿ ಕಾಗದಗಳಲ್ಲಿ ಅದು ಸಿ. ಎನ್. ದುರ್ಗವೆಂದು ಕುಗ್ಗಿ ಎಷ್ಟೋ ಕಾಲವಾಯಿತು. ಹೆಸರಿನಲ್ಲೇ ಅರ್ಧವನ್ನು ಕಳೆದುಕೊಂಡಿರುವ ಆ ದುರ್ಗ ಉಳಿದದ್ದನ್ನೂ ಕಳೆದುಕೊಳ್ಳಬಾರದೆಂಬುದಕ್ಕಾಗಿ ಈ ನಾಲ್ಕು ಮಾತು.

ಮೊದಲೇ ಹೇಳಿಬಿಡುತ್ತೇನೆ: ಥೀಮ್ ಪಾರ್ಕಿನ ಮೇಲೆ ನನಗೆ ದ್ವೇಷವೇನೂ ಇಲ್ಲ. ಬಿಡದಿಯ ಹತ್ತಿರ 82 ಎಕರೆಯಲ್ಲಿ ವಂಡರ್‌ಲಾ 2005ರಲ್ಲಿ ತೆರೆಯಿತು. ಅಲ್ಲಿ ಮಕ್ಕಳು ಕಿರುಚುತ್ತಾರೆ, ನೀರಿನಲ್ಲಿ ಜಾರುತ್ತಾರೆ, ಸಂಜೆ ದಣಿದು ಬಸ್ಸಿನಲ್ಲಿ ನಿದ್ದೆಮಾಡುತ್ತಾ ಮನೆಗೆ ಬರುತ್ತಾರೆ. ಸಂತೋಷ ಸಣ್ಣ ವಸ್ತುವಲ್ಲ. ದುಡ್ಡು ಹಾಕಿದವರು ಸ್ವಂತ ದುಡ್ಡು ಹಾಕಿದರು. ಯಾವ ಕೋಟೆಯನ್ನೂ ಕೆಡವಲಿಲ್ಲ, ಯಾವ ದೇವರನ್ನೂ ಎಬ್ಬಿಸಲಿಲ್ಲ. ಅಂಥವು ಇನ್ನೂ ನಾಲ್ಕು ಬಂದರೆ ಬರಲಿ. ನನ್ನ ತಕರಾರಿರುವುದು ಬೇರೆ ಕಡೆ. ಹೊಸ ವಿನೋದಕ್ಕೆ ಹೊಸ ಜಾಗ ಹುಡುಕುವ ಶ್ರಮ ತಪ್ಪಿಸಿಕೊಳ್ಳಲು, ಹಿಂದಿನವರು ಹೆಸರು ತಂದುಕೊಟ್ಟ ಜಾಗವನ್ನೇ ಹಿಡಿದು, ಅದರ ಹೆಸರಿನ ಮೇಲೆ ಟಿಕೀಟು ಮಾರುವ ಬುದ್ಧಿಯಿದೆಯಲ್ಲ, ಅದರ ಮೇಲೆ.

ಇದರಲ್ಲಿ ಒಂದು ಮೂಲಭೂತವಾದ ತೊಡಕಿದೆ. ಅದನ್ನು ನಮ್ಮ ಯೋಜನಾಕರ್ತರು ಗಮನಿಸಿದಂತಿಲ್ಲ. ಪಾರ್ಕಿನ ಸ್ವಭಾವವೇ ಬದಲಾಗುತ್ತಿರುವುದು. ಹೋದ ವರ್ಷ ನೋಡಿದ ಆಟವನ್ನೇ ಈ ವರ್ಷವೂ ನೋಡಲು ಯಾರೂ ಎರಡನೆಯ ಸಲ ಟಿಕೀಟು ಕೊಳ್ಳುವುದಿಲ್ಲ. ಆದ್ದರಿಂದ ಹಳೆಯ ಯಂತ್ರವನ್ನು ಕಿತ್ತು ಹೊಸದನ್ನು ಹೂಡುತ್ತಲೇ ಇರಬೇಕು. ಇದು ಆ ವ್ಯಾಪಾರದ ಧರ್ಮ, ತಪ್ಪೆನ್ನುವಂತಿಲ್ಲ. ಇಂಥ ಉದ್ಯಾನಗಳಿಗೆಲ್ಲ ಮೂಲಮಾದರಿಯೆನ್ನಬಹುದಾದ ಡಿಸ್ನಿಲ್ಯಾಂಡ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈನಲ್ಲಿ ತೆರೆಯಿತು. ಅದೇ ಕಂಪನಿ 1971ರಲ್ಲಿ ಫ್ಲಾರಿಡಾದಲ್ಲಿ ಇನ್ನೊಂದನ್ನು ತೆರೆಯಿತು. ಅಲ್ಲೊಂದು ಕೃತಕ ನದಿ, ನದಿಯ ನಡುವೆ ಟಾಮ್ ಸಾಯರನ ಹೆಸರಿನ ನಡುಗಡ್ಡೆ, ಸುತ್ತಲೂ ಹಳೆಯ ಕಾಲದ ಹಬೆದೋಣಿ. ಅರ್ಧ ಶತಮಾನ ಮಕ್ಕಳನ್ನು ನಲಿಸಿದ ಆ ನದಿಯನ್ನು 2025ರ ಜುಲೈನಲ್ಲಿ ಮುಚ್ಚಿದರು. ಚಲನಚಿತ್ರವೊಂದರ ಮಾತನಾಡುವ ಕಾರುಗಳಿಗೆ ಜಾಗ ಬೇಕಾಗಿತ್ತು. ಅಲ್ಲಿ ಆಡಿ ಬೆಳೆದು ಈಗ ತಲೆ ನರೆತವರು ಮರುಗಿದರು. ಆದರೆ ಮರುಕಕ್ಕೆ ಅಲ್ಲಿ ಎಡೆಯಿಲ್ಲ. ಪಾರ್ಕಿನೊಳಗೆ ಹಳೆಯದೆಂದರೆ ತೆಗೆದುಹಾಕಬೇಕಾದದ್ದು ಎಂದೇ ಅರ್ಥ.

ಈಗ ಯೋಚಿಸಿ. ಈ ಧರ್ಮವನ್ನು ತಂದು ಒಂದು ದುರ್ಗದ ಮೇಲೆ ಕೂರಿಸಿದರೆ ಏನಾಗುತ್ತದೆ? ದುರ್ಗದ ಬೆಲೆಯೆಲ್ಲ ಅದು ಹಳೆಯದೆಂಬುದರಲ್ಲಿದೆ; ಪಾರ್ಕಿನ ಲೆಕ್ಕದಲ್ಲಿ ಹಳೆಯದೇ ಮೊದಲು ಹೋಗಬೇಕಾದದ್ದು. ಮೊದಲ ವರ್ಷ ಕೋಟೆಗೋಡೆಯ ಪಕ್ಕ ಬಣ್ಣದ ದೀಪ ಬರುತ್ತದೆ. ಎರಡನೆಯ ವರ್ಷ ದೀಪಕ್ಕೆ ಅಡ್ಡವಾಗುವ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ಮೂರನೆಯ ವರ್ಷ ಗೋಡೆಯೇ ಅಡ್ಡವೆನಿಸುತ್ತದೆ. ಯಾರೊಬ್ಬರೂ ದುಷ್ಟರಾಗಬೇಕಾಗಿಲ್ಲ, ವ್ಯಾಪಾರ ಚೆನ್ನಾಗಿ ನಡೆದರೆ ಸಾಕು.

“ಏನಿದೆ?” ಎಂದು ಕೇಳುವವರಿಗೆ ಇರುವುದನ್ನು ಹೇಳುತ್ತೇನೆ. ಚನ್ನರಾಯನದುರ್ಗದ ಬೆಟ್ಟ ದೂರದಿಂದ ನೋಡಿದರೆ ಒಂದೇ ಬಂಡೆಯಂತೆ ಕಾಣುತ್ತದೆ. ಹತ್ತತೊಡಗಿದರೆ ಕೋಟೆ ಒಂದರ ಮೇಲೊಂದು ಸುತ್ತಾಗಿ ಏರುತ್ತ ಹೋಗುತ್ತದೆ. ಬಾಗಿಲು, ಕೊತ್ತಲ, ಕುಸಿದ ಮನೆಗಳು, ಮಳೆನೀರು ನಿಲ್ಲುವ ದೊಣೆಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕೂಡಿಸಿದ ಕಡೆಗಳಲ್ಲಿ ಸಂದಿಗೆ ಬೆರಳು ತೂರುವುದಿಲ್ಲ. ಮರಾಠರೂ ಮೈಸೂರಿನವರೂ ಈ ಸೀಮೆಯ ಬೆಟ್ಟಗಳಿಗಾಗಿ ಬಡಿದಾಡಿದರು. ಪಕ್ಕದ ಮಧುಗಿರಿಯನ್ನು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ಮೈಸೂರಿನವರು ಗೆದ್ದರು. 1763ರಲ್ಲಿ ಬಿದನೂರನ್ನು ಹಿಡಿದ ಹೈದರನು ಅಲ್ಲಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಬೆಟ್ಟದಲ್ಲಿ. 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೂ ಆಕೆ ಅಲ್ಲಿದ್ದಳು. ರಾಜ್ಯ ಕಳೆದುಕೊಂಡ ಹೆಂಗಸೊಬ್ಬಳು ನಾಲ್ಕು ವರ್ಷ ಕಂಡ ದಿಗಂತ ಯಾವುದೆಂದು ಅಲ್ಲಿಗೆ ಹತ್ತಿದವನಿಗೆ ತಿಳಿಯುತ್ತದೆ. ಯಂತ್ರದ ತೊಟ್ಟಿಲಲ್ಲಿ ಕುಳಿತವನಿಗೂ ಅದೇ ದಿಗಂತ ಕಂಡೀತು. ಆದರೆ ಆಕೆಯ ನೆನಪಾಗಲಾರದು. ಹಾಡು ಅಷ್ಟು ಜೋರಾಗಿರುತ್ತದೆ.

ಇದು ಬರಿಯ ಭಾವುಕತೆಯೆಂದು ತಳ್ಳಿಹಾಕುವವರಿಗೆ ಕಾರ್ಕಳದ ಉದಾಹರಣೆಯನ್ನು ಕೊಡುತ್ತೇನೆ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಬಾಹುಬಲಿ ನಿಂತಿದ್ದಾನೆ. ಸುಮಾರು 42 ಅಡಿ ಎತ್ತರ, ಒಂದೇ ಕಲ್ಲು. ಆರು ಶತಮಾನದ ಕರಾವಳಿಯ ಮಳೆ ಆತನನ್ನು ತೊಳೆದಿದೆ, ಅಲುಗಿಸಿಲ್ಲ. ಅದೇ ತಾಲ್ಲೂಕಿನ ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ ಸರ್ಕಾರದ ದುಡ್ಡಿನಲ್ಲಿ ಪರಶುರಾಮ ಥೀಮ್ ಪಾರ್ಕು ಎದ್ದಿತು. 33 ಅಡಿಯ ಪ್ರತಿಮೆಯೊಡನೆ 2023ರ ಜನವರಿಯಲ್ಲಿ ಉದ್ಘಾಟನೆಯೂ ಆಯಿತು. ಅದೇ ವರ್ಷ ಅಕ್ಟೋಬರಿನ ವೇಳೆಗೆ ಪ್ರತಿಮೆಯ ಮೇಲರ್ಧ ಬೆಟ್ಟದ ಮೇಲಿರಲಿಲ್ಲ! ಅದು ಯಾವ ಲೋಹದ್ದು, ಇಳಿಸಿದ್ದೇಕೆ ಎಂಬ ಜಗಳ ಪೊಲೀಸರ ತನಿಖೆಯನ್ನೂ ನ್ಯಾಯಾಲಯವನ್ನೂ ಕಂಡಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳುವುದಿಷ್ಟೆ: ಒಂದೇ ತಾಲ್ಲೂಕಿನಲ್ಲಿ ಆರು ನೂರು ವರ್ಷ ನಿಂತದ್ದನ್ನೂ ಒಂದು ವರ್ಷ ನಿಲ್ಲಲಾರದ್ದನ್ನೂ ಒಟ್ಟಿಗೆ ಕಂಡ ಮೇಲೂ ನಮಗೆ ಬುದ್ಧಿ ಬಾರದಿದ್ದರೆ ಯಾವಾಗ ಬಂದೀತು?

ಇನ್ನು ಕನ್ನಂಬಾಡಿಯ ವಿಚಾರ. ಅಣೆಕಟ್ಟಿನ ಬುಡದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಉತ್ಸಾಹದಿಂದ 1932ರ ಹೊತ್ತಿಗೆ ಸಿದ್ಧವಾದ ಬೃಂದಾವನ, ನಾಡಿನ ಎಷ್ಟು ಸಂಸಾರಗಳ ಆಲ್ಬಮ್ಮಿನಲ್ಲಿದೆಯೋ ಲೆಕ್ಕವಿಲ್ಲ. ಇದರ ಮೇಲೆ ಈಗ ಎರಡು ಸಲ ಕಣ್ಣು ಬಿದ್ದಿದೆ. 2018ರಲ್ಲಿ ಡಿಸ್ನಿಲ್ಯಾಂಡಿನ ಮಾದರಿ ಮತ್ತು 125 ಅಡಿಯ ಕಾವೇರಿ ಪ್ರತಿಮೆಯ ಮಾತು ಹೊರಟಿತು. ಅದು ತಣ್ಣಗಾಯಿತೆನ್ನುವಷ್ಟರಲ್ಲಿ, ಖಾಸಗಿಯವರ ಸಹಭಾಗಿತ್ವದಲ್ಲಿ 2,663 ಕೋಟಿ ರೂಪಾಯಿಗೆ ಮೀರಿದ ಯೋಜನೆಗೆ ಸಚಿವಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಮಂಡ್ಯದ ರೈತರು ಬೀದಿಗಿಳಿದರು. 2025ರಲ್ಲಿ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ರೈತರ ಮಾತು ಸರಳ: ಇದು ನಮ್ಮ ಗದ್ದೆಗೆ ನೀರು ಕೊಡುವ ಅಣೆಕಟ್ಟು, ಮೋಜಿನ ಹಿನ್ನೆಲೆಯ ಪರದೆಯಲ್ಲ. ಆ ಕಟ್ಟೆಯ ಕ್ಷೇಮಕ್ಕಾಗಿ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಡೆಯಬಾರದೆಂದು ಅದೇ ನ್ಯಾಯಾಲಯ 2024ರ ಜನವರಿಯಲ್ಲಿ ಹೇಳಿತ್ತು. ಅಷ್ಟು ಜೋಪಾನ ಮಾಡಬೇಕಾದ ಕಟ್ಟೆಯ ಮಗ್ಗುಲಲ್ಲಿ ಜನಜಂಗುಳಿಯನ್ನು ಕೂಡಿಹಾಕುವ ಆತುರ ಯಾರಿಗಾಗಿ?

ಇಲ್ಲಿ ನನ್ನ ಎದುರಾಳಿಗಳು ನಗುತ್ತಾರೆ. “ಬೃಂದಾವನವೂ ಒಂದು ಕಾಲಕ್ಕೆ ಹೊಸದೇ ಅಲ್ಲವೆ? ಲಾಲ್‌ಬಾಗೂ ಹೊಸದಾಗಿತ್ತಲ್ಲವೆ? ಆಗ ನಿಮ್ಮಂಥವರಿದ್ದಿದ್ದರೆ ಅವೂ ಆಗುತ್ತಿರಲಿಲ್ಲ” ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಸಿರಾಕ್ಕೆ ಹೋದರೆ ಸಾಕು. ಮೊಗಲರ ಸುಬೇದಾರರು ಸಿರಾವನ್ನು ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಹೈದರನು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಮಾಡಿಸಿದ್ದು ಅದನ್ನು ನೋಡಿಯೇ ಇರಬೇಕೆಂದು ಹಿಂದಿನ ಗೆಜೆಟಿಯರು ಬರೆದವರು ಊಹಿಸಿದ್ದಾರೆ. ಸಿರಾದ ದಿಲಾವರ್ ಖಾನನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ ಹೇಳುತ್ತಾರೆ. ಗಮನಿಸಿ: ಹೈದರನು ಸಿರಾದ ತೋಟವನ್ನು ಅಗೆದು ಅದರ ಮೇಲೆ ತನ್ನ ತೋಟ ಹಾಕಲಿಲ್ಲ. ಹಳೆಯದರಿಂದ ಕಲಿತು ಹೊಸ ಜಾಗದಲ್ಲಿ ಹೊಸದನ್ನು ಮಾಡಿದನು. ಮಿರ್ಜಾ ಅವರೂ ಯಾವ ಹಳೆಯ ಉದ್ಯಾನವನ್ನೂ ಕೆಡಿಸಿ ಬೃಂದಾವನವನ್ನು ಮಾಡಲಿಲ್ಲ. ನಾನು ಬೇಡುವುದೂ ಅದೇ ಮರ್ಯಾದೆಯನ್ನು. ಹೊಸದು ಬರಲಿ, ಹಳೆಯದರ ಹೆಗಲ ಮೇಲೆ ಕುಳಿತು ಬರುವುದು ಬೇಡ.

ಹಾಗಾದರೆ ಆ ಖಾನ್ ಬಾಗಿನ ಗತಿಯೇನಾಯಿತು? ಅದನ್ನು ಯಾವ ಪಾರ್ಕೂ ನುಂಗಲಿಲ್ಲ, ಅಲಕ್ಷ್ಯ ನುಂಗಿತು. ದಿಲಾವರ್ ಖಾನನ ಅರಮನೆಯೂ ಹಾಗೆಯೇ ಹೋಯಿತು. ಸಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಉಳಿದಿರುವುದಕ್ಕೆ ಯಾರಾದರೂ ಅವನ್ನು ನೋಡಿಕೊಂಡದ್ದೇ ಕಾರಣ. ಆದ್ದರಿಂದ “ಮುಟ್ಟದಿದ್ದರೆ ಸಾಕು, ತಾನಾಗಿ ಉಳಿಯುತ್ತದೆ” ಎನ್ನುವವರ ಪಕ್ಷವೂ ನನ್ನದಲ್ಲ. ಚನ್ನರಾಯನದುರ್ಗದ ಗೋಡೆಯ ಸಂದಿನಲ್ಲಿ ಬೇರುಬಿಟ್ಟ ಆಲದ ಸಸಿ ಯಾವ ಗುತ್ತಿಗೆದಾರನಿಗಿಂತಲೂ ಕಡಿಮೆಯಲ್ಲ. ನಿಧಿಯಾಸೆಗೆ ನೆಲ ಬಗೆಯುವವರು, ಬಂಡೆಗೆ ಬಣ್ಣದಲ್ಲಿ ತಮ್ಮ ಪ್ರೇಮವನ್ನು ಸಾರುವವರು, ದೊಣೆಗೆ ಸೀಸೆ ಎಸೆಯುವವರು ಈ ನಾಡಿನ ಯಾವ ಬೆಟ್ಟಕ್ಕೂ ಅಪರಿಚಿತರಲ್ಲ. ಪಾರ್ಕು ಕೇಳುವವರ ವಾದಕ್ಕೆ ಬಲ ಬಂದಿರುವುದೇ ಇದರಿಂದ: ಹೇಗೂ ಹಾಳಾಗುತ್ತಿದೆ, ದುಡ್ಡಾದರೂ ಹುಟ್ಟಲಿ! ಮನೆಯ ಮುದುಕಿಗೆ ಔಷಧಿ ತಂದುಕೊಡದೆ, ಹೇಗೂ ಬದುಕುವುದಿಲ್ಲವೆಂದು ಅವಳ ಕೋಣೆಯನ್ನು ಬಾಡಿಗೆಗೆ ಕೊಟ್ಟಂತಾಯಿತು.

ಆದರೂ ದುಡ್ಡಿನ ಮಾತನ್ನು ನಗೆಯಲ್ಲಿ ತೇಲಿಸುವಂತಿಲ್ಲ. ನಮ್ಮದು ಬರದ ಸೀಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ವರ್ಷದ ಬಹುಪಾಲು ಮರಳಾಗಿಯೇ ಹರಿಯುತ್ತದೆ. ಪಾವಗಡದವರು ಫ್ಲೋರೈಡ್ ಬೆರೆತ ನೀರು ಕುಡಿದು ಮೂಳೆ ಸವೆಸಿಕೊಂಡರು. ಹುಡುಗರು ಓದು ಮುಗಿಯುತ್ತಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಲ್ಲೇ ಕೆಲಸ ಸಿಕ್ಕೀತೆಂದು ಯಾರಾದರೂ ಆಸೆ ತೋರಿಸಿದರೆ ತಾಯಂದಿರು ಕಿವಿಗೊಡುವುದು ಸಹಜ. ನಾನು ಅವರಿಗೆ ಉತ್ತರ ಹೇಳಬೇಕು. ಕಾರು ಹತ್ತಿ ಹೋಗುವವರಿಗಲ್ಲ.

ಆ ತಾಯಂದಿರಿಗೆ ನಾನು ಮೊದಲು ಹೇಳುವುದು ನೀರಿನ ಲೆಕ್ಕ. ಇಂದಿನ ಇಂಥ ಪಾರ್ಕುಗಳಲ್ಲಿ ನೀರಾಟವೇ ಮುಖ್ಯ. ಕುಡಿಯುವ ನೀರಿಗೆ ಟ್ಯಾಂಕರು ಕಾಯುವ ಸೀಮೆಯಲ್ಲಿ ಜಾರುಬಂಡೆಗೆ ಸುರಿಯುವ ನೀರು ಎಲ್ಲಿಂದ ಬಂದೀತು? ಅದಕ್ಕೂ ನಮ್ಮ ಕೊಳವೆ ಬಾವಿಯೇ. ಎರಡನೆಯದು, ಜಾಗದ ಲೆಕ್ಕ. ಪಾರ್ಕು ಬೇಕೇ ಬೇಕೆನ್ನುವವರಿಗೆ ಬೆಟ್ಟವೇ ಏಕೆ? ಅವರಿಗೆ ಬೇಕಾದದ್ದು ಸಮನಾದ ನೆಲ, ಅಗಲವಾದ ರಸ್ತೆ. ಸಿರಾದ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ತಿನ ಪಾರ್ಕು ಎದ್ದಾಗ ರೈತರ ನೆಲವನ್ನು ಕೊಂಡುಕೊಳ್ಳದೆ ಗೇಣಿಗೆ ಹಿಡಿದರು. ನೆಲದ ಒಡೆತನ ಅವರಲ್ಲೇ ಉಳಿಯಿತು. ಮೋಜಿನ ಪಾರ್ಕಿಗೂ ಹಾಗೆಯೇ ಹೆದ್ದಾರಿಯ ಬದಿಯ ಬಯಲನ್ನು ಗೇಣಿಗೆ ಹಿಡಿಯಲಿ, ನೀರಿನ ಏರ್ಪಾಡು ತೋರಿಸಲಿ. ನಾನೇ ಮೊದಲ ಟಿಕೀಟು ಕೊಳ್ಳುತ್ತೇನೆ.

ಮೂರನೆಯದು, ನೋಡಲು ಏನಿದೆಯೆಂಬ ಲೆಕ್ಕ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 800 ಎಕರೆ ನೆಲವನ್ನು 2007ರಲ್ಲಿ ಜಯಮಂಗಲಿ ಮೀಸಲು ಪ್ರದೇಶವೆಂದು ಘೋಷಿಸಿದರು. ಸಿರಾ ತಾಲ್ಲೂಕಿನ ಕಗ್ಗಲಡುವಿಗೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಊರ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಾರೆ. ಮಧುಗಿರಿಯ ಏಕಶಿಲೆ, ಸಿರಾದ ಗೋರಿ, ಸಿದ್ಧರಬೆಟ್ಟದ ಗವಿ, ಚನ್ನರಾಯನದುರ್ಗ. ಇವನ್ನೆಲ್ಲ ಒಂದು ದಾರಿಯಲ್ಲಿ ಪೋಣಿಸಿ, ಬಂದವರು ಎರಡು ದಿನ ತಂಗುವಂತೆ ಮಾಡಿದರೆ ಅನ್ನ ಹುಟ್ಟದೆ ಇದ್ದೀತೆ? ಪಾರ್ಕಿಗೆ ಬಂದವರು ಬೆಳಗ್ಗೆ ಗೇಟಿನೊಳಗೆ ಹೊಕ್ಕು, ಅಲ್ಲೇ ಉಂಡು, ಸಂಜೆ ಅದೇ ಗೇಟಿನಿಂದ ಹೊರಟುಹೋಗುತ್ತಾರೆ. ಬೆಟ್ಟಕ್ಕೆ ಬಂದವರು ಊರೊಳಗೆ ಕಾಫಿ ಕುಡಿಯುತ್ತಾರೆ, ಮುದ್ದೆ ಬಸ್ಸಾರು ಉಣ್ಣುತ್ತಾರೆ, ದಾರಿ ತೋರಿಸಿದ ಹುಡುಗನ ಕೈಗೆ ಕೂಲಿ ಕೊಡುತ್ತಾರೆ. ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕವನ್ನು ನೋಡಿ. ಹದಿನೈದು ಎಕರೆಯಲ್ಲಿ ಹಳ್ಳಿಗಾಡಿನ ನಿಜವಾದ ಒನಕೆ, ನಿಜವಾದ ನೇಗಿಲು, ನಿಜವಾದ ತೊಗಲುಗೊಂಬೆಗಳನ್ನಿಟ್ಟರು. ನಿಜವಾದದ್ದನ್ನು ನೋಡಲು ನಮ್ಮ ಜನ ಬರುತ್ತಾರೆಂಬುದಕ್ಕೆ ಅದೇ ಸಾಕ್ಷಿ.

ಕೊನೆಗೆ, ಹತ್ತಲಾರದವರ ಪ್ರಶ್ನೆ. ಮಧುಗಿರಿಗೆ ರೋಪ್‌ವೇ ಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ನಂದಿಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯೂ ಆಯಿತು. ವೃದ್ಧರು, ಕಾಲಿಲ್ಲದವರು ಮೇಲಿನ ಗಾಳಿಯನ್ನು ಕುಡಿಯಬಾರದೆ? ಕುಡಿಯಲಿ. ಎಲ್ಲ ಬೆಟ್ಟಕ್ಕೂ ಒಂದೇ ಉತ್ತರವಿಲ್ಲ. ಆದರೆ ಹಗ್ಗದ ಮೇಲೆ ಮನುಷ್ಯರು ಮಾತ್ರ ಹೋಗುವುದಿಲ್ಲ. ಅವರ ಹಿಂದೆ ಅಂಗಡಿ, ಅಂಗಡಿಯ ಹಿಂದೆ ಹೋಟೆಲು, ಹೋಟೆಲಿನ ಹಿಂದೆ ಕೊಳಚೆ ಹೋಗುತ್ತವೆ. ಮೈಸೂರಿನವರು ಇದನ್ನು ಅರಿತು ಚಾಮುಂಡಿಬೆಟ್ಟದ ರೋಪ್‌ವೇಯನ್ನು ವಿರೋಧಿಸಿದರು. 2022ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಜನ ಮಾತಾಡಿದರೆ ಸರ್ಕಾರಕ್ಕೆ ಕೇಳಿಸುತ್ತದೆಂಬುದು ಇದರಿಂದ ಗೊತ್ತಾಯಿತು. ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಬೇಕು, ಅಷ್ಟೆ.

ಹೊಸದೂ ಹಳೆಯದೂ ಜೊತೆಯಲ್ಲಿರುವ ಬಗೆಯನ್ನು ನಮ್ಮ ಹಿರಿಯರು ತಿಳಿಯದವರಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ತೊಟ್ಟಿಲೂ ಬರುತ್ತದೆ, ಬೆಂಡು ಬತ್ತಾಸೂ ಬರುತ್ತದೆ, ಆಟದ ಸಾಮಾನೂ ಬರುತ್ತದೆ. ಮಕ್ಕಳು ಮನದಣಿಯೆ ಆಡುತ್ತಾರೆ. ಜಾತ್ರೆ ಮುಗಿದ ಮೇಲೆ ತೊಟ್ಟಿಲನ್ನು ಬಿಚ್ಚಿ ಲಾರಿಗೆ ಹೇರುತ್ತಾರೆ; ಅಮ್ಮ ಇದ್ದಲ್ಲೇ ಇರುತ್ತಾಳೆ. ತೊಟ್ಟಿಲಿಗೆ ಜಾಗ ಸಾಲದೆಂದು ಗುಡಿಯನ್ನು ಹಿಂದಕ್ಕೆ ಸರಿಸಬೇಕೆಂದು ಯಾರಿಗೂ ತೋರಲಿಲ್ಲ. ಅಷ್ಟು ವಿವೇಕ ಕೋಟಿಗಳ ಲೆಕ್ಕ ಬರೆಯುವವರಿಗೂ ಬರಲೆಂಬುದು ನನ್ನ ಕೋರಿಕೆ.

ಚನ್ನರಾಯನದುರ್ಗಕ್ಕೆ ಬೇಕಾದದ್ದು ಬಹಳವಿಲ್ಲ. ಗೋಡೆಯ ಸಂದಿನ ಗಿಡ ಕೀಳಲು ವರ್ಷಕ್ಕೆರಡು ಸಲ ಆಳು. ದೊಣೆಯ ಹೂಳು ತೆಗೆಯಲು ಬೇಸಗೆಯಲ್ಲಿ ನಾಲ್ಕು ದಿನ. ಬುಡದಲ್ಲಿ ಕುಡಿಯುವ ನೀರು, ಶೌಚಾಲಯ. ದಾರಿ ತಪ್ಪದಂತೆ ಬಂಡೆಯ ಮೇಲೆ ಗುರುತು. ಯಾರು ಕಟ್ಟಿದರು, ಯಾರು ಕಾದರು ಎಂದು ಕನ್ನಡದಲ್ಲಿ ಬರೆದ ಒಂದು ಕಲ್ಲು. ಊರಿನ ಹತ್ತು ಹುಡುಗ ಹುಡುಗಿಯರಿಗೆ ದಾರಿ ತೋರಿಸುವ ಕೆಲಸ, ಅದಕ್ಕೆ ತಿಂಗಳ ಸಂಬಳ. ಕೋಟಿಗಳ ಪಾರ್ಕಿನಲ್ಲಿ ಒಂದು ಹೆಬ್ಬಾಗಿಲಿಗೆ ಬಳಿಯುವ ಬಣ್ಣದ ಖರ್ಚಿನಲ್ಲಿ ಇದಿಷ್ಟರ ಆರಂಭವಾದರೂ ಆದೀತು. ಇದನ್ನು ಕೇಳಲು ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಸಾಕು. ಬೆಂಗಳೂರಿನಲ್ಲಿರುವ ನಮ್ಮ ಸೀಮೆಯವರು ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಕಾರನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಮಕ್ಕಳನ್ನು ಕರೆದುಕೊಂಡು ಮೇಲೆ ಹತ್ತಿ, ಇಳಿದು ಬಂದ ಮೇಲೆ ಆ ಅರ್ಜಿಗೆ ಸಹಿ ಹಾಕಲಿ. ಹತ್ತಿ ನೋಡಿದವರು ಮೇಲೆ ಏನಿದೆಯೆಂದು ಮತ್ತೆ ಕೇಳಲಾರರು.